ಮಾರಮ್ಮನ ಹೆಸರಿನಲ್ಲಿ ಎಂಟು ದಿನ

ಹೋದ ತಿಂಗಳು ನಾಟ್ರಾಂಪಾಳ್ಯದಿಂದ ಒಬ್ಬರು ನಮ್ಮ ಮನೆ ಹುಡುಕ್ಕೊಂಡು ಬಂದಿದ್ರು. ಕಂಕುಳಲ್ಲಿ ಆಸ್ಪತ್ರೆ ಫೈಲು, ಕತ್ತಿಗೆ ಸುತ್ತಿದ ಟವೆಲ್ಲು. ಕಾಫಿ ಕೊಟ್ರೆ ಮುಟ್ಟಲಿಲ್ಲ. "ಗಂಟಲಿಗೆ ಕರೆಂಟು ಕೊಡ್ಬೇಕು ಅಂತವ್ರೆ ಅಣ್ಣ. ನೀವು ಕೊಡಿಸ್ಕೊಂಡು ಬದುಕಿದ್ದೀರಂತೆ. ಹೆಂಗಿರ್ತದೆ ಅದು?" ಅಂತ ಕೇಳಿದ್ರು. ತೋಚಿದಷ್ಟು ಹೇಳಿ ಕಳಿಸಿದೆ. ಅವರು ಬಸ್ ಹತ್ತಿ ಹೋದ ಮೇಲೆ, ಹೇಳಬೇಕಾದ್ದನ್ನೇ ಹೇಳಲಿಲ್ಲವಲ್ಲ ಅನ್ನಿಸ್ತು. ನೋವಿನ ವಿಷಯ ಹೇಳಿದೆ, ಗಂಜಿ ವಿಷಯ ಹೇಳಿದೆ, ಮನೆಗೆ ಓಡಿಹೋಗಬೇಕು ಅನ್ನಿಸುತ್ತಲ್ಲ, ಅದನ್ನ ಹೇಳಲಿಲ್ಲ. ಅದಕ್ಕೇ ಈಗ ಬರೆಯೋಕೆ ಕೂತಿದೀನಿ.

ನಾನು ಬಸ್ ಕಂಡಕ್ಟರು. ರಾಯಕೋಟೆಯಿಂದ ಉದ್ದನಪಲ್ಲಿ ಮೇಲೆ ಹೊಸೂರು, ಮತ್ತೆ ವಾಪಸ್ಸು, ದಿನಕ್ಕೆ ನಾಕು ಸಲ. ಕಾಯಿಲೆಗೆ ಮುಂಚೆ ನನ್ನ ಗಂಟಲು ಹೆಂಗಿತ್ತು ಅಂತ ನಾನೇ ಹೇಳ್ಕೊಂಡ್ರೆ ಜಂಬ ಆಗುತ್ತೆ. ಆಗಲಿ ಬಿಡಿ, ಈಗ ಅದೊಂದೇ ಉಳಿದಿರೋದು. ರಾಯಕೋಟೆ ಸ್ಟ್ಯಾಂಡಲ್ಲಿ ನಿಂತು "ಉದ್ದನಪಲ್ಲಿ, ಹೊಸೂರ್, ಹೊಸೂರ್, ಹೊಸೂರೇಯ್!" ಅಂದ್ರೆ ಕೋಟೆ ಬೆಟ್ಟಕ್ಕೆ ಬಡಿದು ವಾಪಸ್ ಬರೋದು. ತಮಿಳಿನೋರಿಗೆ "ಏರು ಏರು", ತೆಲುಗಿನೋರಿಗೆ "ಎಕ್ಕಂಡಿ ಎಕ್ಕಂಡಿ", ನಮ್ಮೋರಿಗೆ "ಹತ್ರಪ್ಪೋ ಬೇಗ, ಇದೇನು ಮದುವೆ ಮೆರವಣಿಗೇನಾ?" ಅಂತ. ನಮ್ಮ ಡ್ರೈವರ್ ಪಳನಿಯಣ್ಣ ನಗೋನು. "ಡೇ ಮುನಿ, ಒನಕ್ಕು ಹಾರನ್ ಯಾಕೆ? ನೀನೇ ಹಾರನ್ನು" ಅನ್ನೋನು. ಅವನ ಮಾತು ಅರ್ಧ ತಮಿಳು, ಅರ್ಧ ಕನ್ನಡ.

ನಮ್ಮೂರು ರಾಯಕೋಟೆಗೂ ಉದ್ದನಪಲ್ಲಿಗೂ ನಡುವೆ. ರಸ್ತೆ ತಿರುಗೋ ಕಡೆ ನಮ್ಮ ಹೊಲ, ಹೊಲದ ಪಕ್ಕದಲ್ಲೇ ಮನೆ. ಅಪ್ಪ ಇರಲಿಲ್ಲ. ಇಬ್ಬರು ತಂಗಿಯರ ಮದುವೆ ಮುಗಿಸಿ ನನ್ನ ಸರದಿ ಬರೋ ಹೊತ್ತಿಗೆ ನನಗೆ ಮೂವತ್ತೆರಡು. ಮನೇಲಿ ನಾನು, ಅವ್ವ, ಒಂದು ಹಸು. ಬಸ್ಸು ಆ ತಿರುವಿಗೆ ಬಂದಾಗಲೆಲ್ಲ ನಾನು ಫುಟ್‌ಬೋರ್ಡಿಗೆ ಇಳಿದು "ಅವ್ವೋ!" ಅಂತ ಒಂದು ಕೂಗು ಹಾಕ್ತಿದ್ದೆ. ಕಳೆ ಕೀಳ್ತಾ ಬಗ್ಗಿದ್ದ ಅವ್ವ ಎದ್ದು ನಿಂತು ಕೈ ಎತ್ತೋಳು. ಅಷ್ಟೇ. ತಿರುಗಿ ಕೂಗೋ ಹೆಂಗಸಲ್ಲ ಅವಳು. "ರಸ್ತೇಲಿ ಹೋಗೋ ಜನ ಏನಂದ್ಕತ್ತಾರೆ? ನಿಂಗಂತೂ ಮಾನ ಇಲ್ಲ" ಅಂತ ಮನೇಲಿ ಬೈಯೋಳು. ಆದ್ರೆ ಒಂದು ಟ್ರಿಪ್ಪೂ ಕೈ ಎತ್ತೋದು ತಪ್ಪಿಸಿದೋಳಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಗಂಟಲು ಕಟ್ಟಿತು. ಮೊದಲು ಧೂಳು ಅಂದ್ಕೊಂಡೆ. ಆಮೇಲೆ ಬೀಡಿ ಅಂದ್ಕೊಂಡು ಬೀಡಿ ಬಿಟ್ಟೆ. ಮೆಣಸಿನ ಕಷಾಯ, ಶುಂಠಿ, ಹೊಸೂರಿನ ಡಾಕ್ಟ್ರ ಕೆಂಪು ಟಾನಿಕ್ಕು, ಎಲ್ಲಾ ಆಯ್ತು. ಮೂರು ತಿಂಗಳಾದ್ರೂ ಧ್ವನಿ ಬಿಡಲಿಲ್ಲ. ಒಂದಿನ ತಿರುವಿನಲ್ಲಿ ಬಾಯಿ ತೆಗೆದೆ, ಬರೀ ಗಾಳಿ ಬಂತು. ಅವ್ವ ಬಗ್ಗಿದ್ದೋಳು ಬಗ್ಗೇ ಇದ್ಲು, ಬಸ್ಸು ಮುಂದಕ್ಕೆ ಹೋಗ್ಬಿಡ್ತು. ನನ್ನ ಎದೆ ಧಸಕ್ ಅಂದಿದ್ದು ಅವತ್ತು. ಬೆಂಗಳೂರಿನ ದೊಡ್ಡಾಸ್ಪತ್ರೇಲಿ "ಕ್ಯಾನ್ಸರ್" ಅಂದಾಗಲೂ ಅಷ್ಟು ಆಗಲಿಲ್ಲ.

ಅಲ್ಲಿ ನಮ್ಮನ್ನ ನೋಡ್ತಿದ್ದಿದ್ದು ಒಬ್ಬ ಡಾಕ್ಟ್ರಮ್ಮ. ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ನೇರವಾಗಿ ಮಾತಾಡೋರು. "ಕೊಯ್ದು ತೆಗೆದರೆ ಗಡ್ಡೆ ಹೋಗುತ್ತೆ, ಅದರ ಜೊತೆ ಧ್ವನಿನೂ ಹೋಗುತ್ತೆ. ಇಲ್ಲ, ಆರು ವಾರ ರೇಡಿಯೇಶನ್, ಅದೇ ನೀವೆಲ್ಲ ಕರೆಂಟು ಅಂತೀರಲ್ಲ, ಅದನ್ನ ಕೊಟ್ಟು ನೋಡಬಹುದು. ಧ್ವನಿ ಉಳಿದರೂ ಉಳೀಬಹುದು" ಅಂದ್ರು. ಆಮೇಲೆ, "ಕರೆಂಟಿನ ಜೊತೆಗೆ ಹೊಸದೊಂದು ಮಾಡ್ತಿದೀವಿ. ಮಕ್ಕಳಿಗೆ ಕ್ಷಯ ಬರದಿರಲಿ ಅಂತ ಬಿ.ಸಿ.ಜಿ. ಹಾಕ್ತೀವಲ್ಲ, ಅದನ್ನೇ ನಿಮ್ಮ ಚರ್ಮ ಗೀರಿ ಹಚ್ಚೋದು. ಮೈಯಲ್ಲಿ ಕಾವಲು ಕಾಯೋ ಶಕ್ತಿ ಅಂತ ಒಂದಿರುತ್ತೆ. ಅದು ನಿದ್ದೆ ಹೊಡೀತಿದ್ರೆ ಚುಚ್ಚಿ ಎಬ್ಬಿಸೋದು" ಅಂದ್ರು.

"ಎದ್ದೇಳ್ತದಾ ಮೇಡಂ?" ಅಂತ ಪಿಸುದನೀಲಿ ಕೇಳಿದೆ.

"ಗೊತ್ತಿಲ್ಲಪ್ಪ. ನಾವೂ ನೋಡ್ತಿದೀವಿ."

ಅಷ್ಟು ದೊಡ್ಡ ಡಾಕ್ಟ್ರು ಗೊತ್ತಿಲ್ಲ ಅಂದಿದ್ದು ಕೇಳಿ ನನಗೆ ಅವರ ಮೇಲೆ ನಂಬಿಕೆ ಬಂತು. ಹೂಂ ಅಂದೆ.

ಸೋಮವಾರದಿಂದ ಶುಕ್ರವಾರ ಕರೆಂಟು. ಎರಡನೇ ವಾರದಿಂದ ಶುಕ್ರವಾರ ಮಧ್ಯಾಹ್ನ ಆ ಗೀರೋದು. ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ ಬರಬೇಕು. ವಾರವೆಲ್ಲ ಆಸ್ಪತ್ರೆ ಪಕ್ಕದ ಛತ್ರದಲ್ಲಿ ಒಂದು ಚಾಪೆ ಜಾಗ. ಕತ್ತಿನ ಮೇಲೆ ನೇರಳೆ ಶಾಯೀಲಿ ಗೆರೆ ಎಳೆದು, ನೀರು ಸೋಕಿಸಬೇಡಿ ಅಂದ್ರು. ಜೊತೆಗೆ, ಮಾತಾಡಲೇಬೇಡಿ ಅಂದ್ರು. ಕರೆಂಟಿನ ಕೋಣೇಲಿ ನಮ್ಮನ್ನ ಮಲಗಿಸಿ ಎಲ್ಲರೂ ಆಚೆ ಹೋಗಿ ದಪ್ಪ ಬಾಗಿಲು ಹಾಕ್ಕೋತಾರೆ. ನೋವಿಲ್ಲ, ಬಿಸಿಯಿಲ್ಲ, ಮಿಷನ್ನು ಗುಂಯ್ ಅನ್ನುತ್ತೆ. ಅಷ್ಟೇ. ಆದ್ರೆ ನಾಟ್ರಾಂಪಾಳ್ಯದ ಅಣ್ಣಾ, ಎಲ್ಲರೂ ಓಡಿಹೋದ ಕೋಣೇಲಿ ಒಬ್ಬನೇ ಮಲಗೋದು ಇದೆಯಲ್ಲ, ಅದಕ್ಕೆ ಯಾರೂ ಮುಂಚೆ ನಮ್ಮನ್ನ ತಯಾರು ಮಾಡಲ್ಲ. ನಾನು ಒಳಗೊಳಗೇ ಸ್ಟಾಪುಗಳ ಹೆಸರು ಹೇಳ್ಕೋತಿದ್ದೆ. ರಾಯಕೋಟೆಯಿಂದ ಶುರು ಮಾಡಿದ್ರೆ ನಮ್ಮ ತಿರುವು ಬರೋಷ್ಟರಲ್ಲಿ ಬಾಗಿಲು ತೆಗೆಯೋರು. ಉದ್ದನಪಲ್ಲಿಗೆ ಒಂದು ದಿನವೂ ಮುಟ್ಟಲಿಲ್ಲ.

ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕದ ನಂಬರು ಕೋಲಾರದ ಕಡೆಯ ಒಬ್ಬ ಮೇಷ್ಟ್ರದ್ದು. ಅವರಿಗೆ ಆಗಲೇ ಕೊಯ್ದು ಧ್ವನಿಪೆಟ್ಟಿಗೆ ತೆಗೆದಿದ್ರು. ಕತ್ತಿನಲ್ಲಿ ತೂತು, ಅದರ ಮೇಲೊಂದು ಬಿಳೀ ಬಟ್ಟೆ, ಕೈಯಲ್ಲಿ ಸ್ಲೇಟು ಬಳಪ. ಮೂವತ್ತು ವರ್ಷ ಪಾಠ ಹೇಳಿದೋರು, ಈಗ ಬರೆದೇ ಮಾತಾಡಬೇಕು. ಮೊದಲ ದಿನವೇ ನನಗೆ ಬರೆದು ತೋರಿಸಿದ್ರು: "ನಾನು ಆಡಿದ ಮಾತಿನಲ್ಲಿ ಅರ್ಧ ಹುಡುಗರಿಗೆ ಬೈದದ್ದು. ಗೊತ್ತಿದ್ದರೆ ಸ್ವಲ್ಪ ಉಳಿಸಿಕೊಳ್ಳುತ್ತಿದ್ದೆ." ನನಗೆ ನಗು ಬಂತು. ನಗೋಕೂ ಸದ್ದಿಲ್ಲ. ಇಬ್ಬರೂ ಹೆಗಲು ಕುಣಿಸಿದ್ವಿ, ಆಯಾ ಬಂದು "ಏನ್ರಪ್ಪ, ಇಲ್ಲಿ ಗಲಾಟೆ" ಅಂದ್ಲು. ಆ ತಾಯಿ ದಿನಾ ನಮ್ಮಿಬ್ಬರಿಗೂ ಕಿಟಕಿ ಪಕ್ಕದ ಬೆಂಚು ಹಿಡಿದಿಡೋಳು. ಗಾಳಿ ಬರೋ ಜಾಗ ಅಂತ.

ಎರಡನೇ ವಾರದ ಕೊನೆಗೆ ಬಾಯಿ ರುಚಿ ಹೋಯ್ತು, ಉಗುಳು ನುಂಗಿದ್ರೆ ಮೆಣಸಿನಕಾಯಿ ಅರೆದಿಟ್ಟಂಗೆ. ಮನೆ ನೆನಪು ಅನ್ನೋದು ಹೊಟ್ಟೆನೋವಿನ ಥರ ಬರೋದು. ಹಸುವಿನ ಗಂಜಲದ ವಾಸನೆಗೂ ಆಸೆ ಪಟ್ಟಿದೀನಿ ಅಂದ್ರೆ ನೀವು ನಗಬೇಡಿ. ಆ ಶುಕ್ರವಾರ ಮೊದಲ ಸಲ ಎಡತೊಡೆ ಮೇಲೆ ಗೀರಿದ್ರು. ಸೂಜೀಲಿ ಉದ್ದುದ್ದ ಗೆರೆ, ಅಡ್ಡಡ್ಡ ಗೆರೆ, ಮೇಲೆ ಔಷಧಿ. "ಕೆಂಪಾಗುತ್ತೆ, ಕೀವಾಗುತ್ತೆ, ಜ್ವರ ಬಂದ್ರೂ ಬರುತ್ತೆ. ಹೆದರಬೇಡಿ, ಏನೂ ಹಚ್ಚಬೇಡಿ. ಸೋಮವಾರ ಮಾತ್ರ ತಪ್ಪಿಸಬೇಡಿ" ಅಂತ ಡಾಕ್ಟ್ರಮ್ಮ ಹೇಳಿ, ಇಂಗ್ಲಿಷಿನಲ್ಲಿ ಒಂದು ಚೀಟೀನೂ ಬರೆದುಕೊಟ್ರು.

ಊರಿಗೆ ಹೋದ ಮಾರನೇ ದಿನ, ಭಾನುವಾರ, ಜ್ವರ ಬಂತು. ಗಡಗಡ ನಡುಗ್ತಿದ್ದೆ. ತೊಡೆ ಮೇಲೆ ಗೆರೆಗಳು ಕೂಡೋ ಕಡೆಯೆಲ್ಲ ಒಂದೊಂದು ಗುಳ್ಳೆ ಎದ್ದು, ಅದರ ತುದೀಲಿ ಕೀವು. ಪಕ್ಕದ ಮನೆ ಕೆಂಚಮ್ಮ ಅಂಬಲಿ ತಂದೋಳು ಒಂದು ಸಲ ನೋಡಿದ್ಲು. ಚೊಂಬು ಕೆಳಗಿಟ್ಟು ಕೆನ್ನೆ ಕೆನ್ನೆ ಬಡ್ಕೊಂಡ್ಲು.

"ಅಯ್ಯೋ ಅಕ್ಕಯ್ಯ, ಇದು ಮಾರಮ್ಮ! ತಾಯಿ ಬಂದವ್ಳೆ ಮೈಮೇಲೆ! ಇವ್ನ ಎಲ್ಲಿಗೂ ಕಳಿಸ್ಬ್ಯಾಡ."

ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ರೆ ಮಾರಮ್ಮ ಮನೆಗೆ ಬಂದಳು ಅಂತ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸ್ತಾರೆ. ಒಗ್ಗರಣೆ ಹಾಕಲ್ಲ, ಔಷಧಿ ಕೊಡಲ್ಲ, ತಲೆಗೆ ನೀರು ಹಾಕಿ ಅವಳನ್ನ ಕಳಿಸಿಕೊಡೋವರೆಗೂ ಮಲಗಿದೋರು ಹೊಸ್ತಿಲು ದಾಟೋ ಹಾಗಿಲ್ಲ. ಅವ್ವ ಬಗ್ಗಿ ನನ್ನ ತೊಡೆ ನೋಡಿದ್ಲು. ತುಂಬಾ ಹೊತ್ತು ನೋಡಿದ್ಲು. ಆಮೇಲೆ ಎದ್ದು ಹೋಗಿ ಬೇವಿನ ಸೊಪ್ಪು ಕಿತ್ತು ತಂದು ಬಾಗಿಲಿಗೆ ಸಿಕ್ಕಿಸಿದ್ಲು.

ನನಗೆ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಮಾತಾಡಬಾರದು ಅಂದಿದ್ರು, ನಿಜ. ಆ ಚೀಟಿ ಓದೋರು ಊರಲ್ಲಿ ಯಾರೂ ಇರಲಿಲ್ಲ, ಅದೂ ನಿಜ. ಆದ್ರೆ ಪಿಸುಗುಟ್ಟಬಹುದಿತ್ತು, ಸೂಜಿ ಗೀರಿದ್ದನ್ನ ಕೈಸನ್ನೇಲಿ ತೋರಿಸಬಹುದಿತ್ತು. ನಾನು ಕಣ್ಣು ಮುಚ್ಕೊಂಡೆ. ಆ ದಪ್ಪ ಬಾಗಿಲಿನ ಕೋಣೆ ಬೇಡವಾಗಿತ್ತು. ಮಾರಮ್ಮನ ಸೆರಗಿನ ಹಿಂದೆ ಬಚ್ಚಿಟ್ಕೊಂಡೆ ಅಂತಲೇ ಇಟ್ಕೊಳ್ಳಿ.

ಸೋಮವಾರ ಹೋಯ್ತು, ಮಂಗಳವಾರ ಹೋಯ್ತು. ಜ್ವರ ಎರಡೇ ದಿನಕ್ಕೆ ಬಿಡ್ತು, ಆದ್ರೂ ಸೊಪ್ಪು ಬಾಗಿಲಲ್ಲೇ ಇತ್ತು. ಅವ್ವ ಹೊಲಕ್ಕೆ ಹೋಗೋದು ಬಿಟ್ಲು. ನನ್ನ ಪಕ್ಕ ಕೂತು ಬೇವಿನ ಸೊಪ್ಪಲ್ಲಿ ಗಾಳಿ ಹಾಕೋಳು, ತಣ್ಣಗಿನ ಮಜ್ಜಿಗೆ ಕುಡಿಸೋಳು, ರಾಗಿ ಅಂಬಲಿ ಬಟ್ಟೇಲಿ ಸೋಸಿ ಒಂದೊಂದೇ ಗುಟುಕು ಹಾಕೋಳು. ಚಿಕ್ಕವನಿದ್ದಾಗಲೂ ನನಗೆ ಅವ್ವ ಅಷ್ಟು ಸಿಕ್ಕಿರಲಿಲ್ಲ, ಆಗ ಕೂಲಿ ಇತ್ತು, ತಂಗಿಯರಿದ್ರು. ಏನೇನೋ ಹೇಳೋಳು. ಅಪ್ಪ ಒಂದು ಸಲ ಸಂತೇಲಿ ಕಳೆದುಹೋಗಿದ್ದು, ನಾನು ಹುಟ್ಟಿದಾಗ ಅತ್ತಿದ್ದು ಮೂರನೇ ಕೇರಿಗೆ ಕೇಳಿಸಿದ್ದು. "ಆವಾಗ್ಲೇ ಸೂಲಗಿತ್ತಿ ಅಂದ್ಲು, ಇವ್ನು ಕೂಗಿ ಬದುಕ್ತಾನೆ ಅಂತ" ಅಂದು ತಟ್ಟನೆ ಅಂಬಲಿ ಸೋಸೋಕೆ ಎದ್ದು ಹೋದ್ಲು. ನಾನು ಗೋಡೆ ಕಡೆ ತಿರುಗಿದೆ.

ದಿನಕ್ಕೆ ನಾಕು ಸಲ ನಮ್ಮ ಬಸ್ಸಿನ ಸದ್ದು ಬರೋದು. ಯಾರೋ ಬದಲಿ ಕಂಡಕ್ಟರ ವಿಸಲ್ಲು. ಸದ್ದು ಹತ್ರ ಬರ್ತಿದ್ದಂಗೆ ಅವ್ವ ಎದ್ದು ಬಾಗಿಲಿಗೆ ಹೋಗಿ ಸೊಪ್ಪಿನ ಕೆಳಗೆ ನಿಂತು ಕೈ ಎತ್ತೋಳು. ಮಗ ಒಳಗೇ ಮಲಗಿದ್ದಾನೆ, ಇವಳು ಖಾಲಿ ಫುಟ್‌ಬೋರ್ಡಿಗೆ ಕೈ ಎತ್ತುತಾಳೆ! ಆ ಬಸ್ಸಿನಲ್ಲಿ ನಿಂತು ಒಂದೇ ಒಂದು ಸಲ ಕೂಗಬೇಕು ಅಂತ ಜೀವ ಹೆಂಗೆ ಎಳೀತಿತ್ತು ಅಂದ್ರೆ, ಚಾಪೆ ಅಂಚು ಕಚ್ಚಿ ಹಿಡೀತಿದ್ದೆ. ಮನೇಲಿದ್ರೆ ಬಸ್ಸಿನ ಆಸೆ, ಅಲ್ಲಿದ್ರೆ ಮನೆಯ ಆಸೆ.

ಎಂಟನೇ ದಿನ ಸೋಮವಾರ, ಅಂಚೆಯವನು ಬೇವಿನ ಸೊಪ್ಪು ನೋಡಿ ದೂರದಿಂದಲೇ ಒಂದು ಕಾರ್ಡು ಎಸೆದು ಹೋದ. ಮೇಷ್ಟ್ರ ದುಂಡು ಅಕ್ಷರ.

"ಮುನಿರಾಜು, ನಿನ್ನ ನಂಬರು ದಿನಾ ಕೂಗುತ್ತಾರೆ. ಆಯಾ ನಿನ್ನ ಜಾಗ ಇನ್ನೂ ಹಿಡಿದಿಟ್ಟಿದ್ದಾಳೆ. ನನಗೆ ಜೀವ, ಧ್ವನಿ ಎರಡರಲ್ಲಿ ಒಂದನ್ನು ಆರಿಸು ಅಂದರು. ನಿನಗೆ ಎರಡೂ ಕೊಡುತ್ತೇವೆ ಅನ್ನುತ್ತಿದ್ದಾರೆ. ಮಾತಿಗಾಗಿ ಹಂಬಲಿಸುವುದು ಏನು ಅಂತ ನನ್ನನ್ನು ಕೇಳು. ಕೂಡಲೇ ಬಾ."

ಓದಿ ಮಡಚಿ ದಿಂಬಿನ ಕೆಳಗಿಟ್ಟೆ. ಮತ್ತೆ ತೆಗೆದೆ. ಅವ್ವ ಮಜ್ಜಿಗೆ ಕಡೀತಿದ್ಲು. ಅವಳ ಪಕ್ಕ ಹೋಗಿ ಕೂತೆ.

"ಅವ್ವಾ, ಇದು ಮಾರಮ್ಮ ಅಲ್ಲ" ಅಂದೆ, ಗಾಳಿಯಂಥ ದನೀಲಿ. "ಆಸ್ಪತ್ರೇಲಿ ಸೂಜೀಲಿ ಗೀರಿದ್ದು. ನಂಗೆ ಮೊದಲ್ನೇ ದಿನದಿಂದ್ಲೂ ಗೊತ್ತಿತ್ತು."

ಕಡಗೋಲು ನಿಂತಿತು. ಬೈತಾಳೆ, ಹೊಡೆದರೂ ಹೊಡೀತಾಳೆ ಅಂದ್ಕೊಂಡಿದ್ದೆ.

"ನಂಗೂ ಗೊತ್ತಿತ್ತು ಕಣ್ಲಾ" ಅಂದ್ಲು ಅವ್ವ.

ನಾನು ಅವಳ ಮುಖ ನೋಡಿದೆ.

"ರಾಗಿ ಪೈರು ಸಾಲು ನಾಟಿ ಹಾಕ್ದಂಗೆ ಯಾವ ಮಾರಮ್ಮ ಬತ್ತಾಳೆ? ಎಷ್ಟು ಜನುಕ್ಕೆ ನಾನು ಸೊಪ್ಪು ಹಾಸಿ ನೋಡ್ಕಂಡಿವ್ನಿ, ನಂಗೆ ಕಣ್ಣಿಲ್ವಾ?" ಸೆರಗಿನಿಂದ ಮೂಗು ಒರೆಸ್ಕೊಂಡ್ಲು. "ನೀನು ಅಲ್ಲಿ ಹೋಗಿ ಸತ್ತೋದ್ರೆ ನಂಗೆ ಯಾರಾದ್ರೂ ಬಂದು ಹೇಳೋ ಹೊತ್ಗೆ ಎಲ್ಲಾ ಮುಗ್ದೋಗಿರ್ತದೆ. ಇಲ್ಲಿದ್ರೆ ನನ್ ಕಣ್ಮುಂದೆ ಇರ್ತೀಯ. ಅದ್ಕೇ ಕೆಂಚಮ್ಮ ಅಂದಿದ್ದು ಹಿಡ್ಕಂಡೆ. ಒಂದಿನ ಇಟ್ಕಳ್ಳಾನ ಅಂತಿದ್ದೆ, ಎಂಟು ದಿನ ಆಗೋಯ್ತು."

ಇಬ್ಬರೂ ಅತ್ವಿ. ನನಗೆ ಅಳೋಕೆ ಸದ್ದಿರಲಿಲ್ಲ, ಅವಳೊಬ್ಬಳದೇ ಕೇಳಿಸ್ತಿತ್ತು. ಆಮೇಲೆ ಅವ್ವ ಮುಖ ತೊಳ್ಕೊಂಡು ಸೀರೆ ಬದಲಾಯಿಸಿ, ಹಸೂನ ಕೆಂಚಮ್ಮನ ಕೊಟ್ಟಿಗೆಗೆ ಕಟ್ಟಿ ಬಂದ್ಲು. ಬಾಗಿಲಿನ ಸೊಪ್ಪು ತೆಗೆದ್ಲು, ಎಸೀಲಿಲ್ಲ.

"ಅವಳ ಹೆಸರಲ್ಲಿ ಸುಳ್ಳು ಹೇಳ್ಬುಟ್ಟೆ. ಈಗ ಕಿತ್ತಾಕಿ ಹೋದ್ರೆ ಅವಳು ಸುಮ್ನಿರ್ತಾಳಾ? ಅವಳೂ ಬರ್ಲಿ. ನಿನ್ ಗಂಟ್ಲು ಅವಳೇ ನಿಂತು ನೋಡ್ಕಳ್ಳಿ" ಅಂತ ಸೊಪ್ಪನ್ನ ಎದೆಗೆ ಒತ್ಕೊಂಡು ತಿರುವಿನಲ್ಲಿ ನಿಂತ್ಲು.

ಪಳನಿಯಣ್ಣ ಬಸ್ ನಿಲ್ಲಿಸಿ ನೋಡಿದ. ಜನ ಬೇವಿನ ಸೊಪ್ಪು, ಕರೆಂಟಿಗೆ ಕಪ್ಪಾದ ನನ್ನ ಕತ್ತು ಕಂಡಿದ್ದೇ ತಡ, ಮುಂದಿನ ಮೂರು ಸೀಟು ಖಾಲಿ. ಒಬ್ಬರು ಸರಸರ ಇಳಿದೇಬಿಟ್ರು. ಒಬ್ಬ ತೆಲುಗು ಅಜ್ಜಿ ಮಾತ್ರ ಎದ್ದು ಬಂದು "ತಲ್ಲೀ" ಅಂತ ಸೊಪ್ಪು ಮುಟ್ಟಿ ಕಣ್ಣಿಗೊತ್ಕೊಂಡ್ಲು. ಬದಲಿ ಕಂಡಕ್ಟರು ಟಿಕೆಟ್ ಅಂತ ಬಂದಾಗ ಪಳನಿಯಣ್ಣ ಸೀಟಿನಿಂದಲೇ ಕೂಗಿದ, "ಡೇ, ಮಾರಿಯಮ್ಮನ ಹತ್ರ ಟಿಕೆಟ್ ಕೇಳ್ತಿಯಾ? ಪೋಡಾ!" ಅವ್ವ ಜೀವನದಲ್ಲೇ ಮೊದಲ ಸಲ ನನ್ನ ಬಸ್ಸಿನಲ್ಲಿ ಹೊಸೂರವರೆಗೂ ಕಿಟಕಿ ಪಕ್ಕ ಕೂತ್ಲು.

ಡಾಕ್ಟ್ರಮ್ಮ ಕೆಂಡಾಮಂಡಲ. "ಎಂಟು ದಿನ ನೀವು ಮನೇಲಿ ಕೂತ್ರಿ. ಗಡ್ಡೆ ಕೂತಿರುತ್ತಾ? ಈಗ ದಿನ ಜಾಸ್ತಿ ಕೊಡಬೇಕು. ಧ್ವನಿ ಎಷ್ಟು ಉಳಿಯುತ್ತೋ ನಾನು ಹೇಳಲ್ಲ." ಅವ್ವ ಸೊಪ್ಪು ಹಿಡಿದು ತಲೆ ತಗ್ಗಿಸಿ ನಿಂತಿದ್ಲು. "ತಪ್ಪು ನಂದೇ ತಾಯಿ. ಬಯ್ಯೋದಿದ್ರೆ ನಂಗೆ ಬಯ್ಯಿ" ಅಂದ್ಲು. ಡಾಕ್ಟ್ರಮ್ಮ ಹಣೆ ಮೇಲಿನ ಕನ್ನಡಕ ಕೆಳಗಿಳಿಸ್ಕೊಂಡ್ರು. ಆಮೇಲೆ ತೊಡೆ ನೋಡಿ, "ಚೆನ್ನಾಗೇ ಎದ್ದಿದೆ. ನಿಮ್ಮ ಕಾವಲುಗಾರ ಎಚ್ಚರ ಆಗಿದಾನೆ" ಅಂದ್ರು. ಅವ್ವನಿಗೆ ಅಷ್ಟು ಸಾಕಾಯ್ತು. ಛತ್ರದಲ್ಲೇ ನನ್ನ ಜೊತೆ ಉಳಿದ್ಲು. ಕರೆಂಟಿನ ಕೋಣೆಯ ಬಾಗಿಲು ಹಾಕೋವಾಗ ಆಚೆ ನೆಲದ ಮೇಲೆ ಕೂತಿರೋಳು, ಬಾಗಿಲು ತೆಗೆದಾಗಲೂ ಅಲ್ಲೇ ಇರೋಳು. ಆಮೇಲೆ ನಾನು ಸ್ಟಾಪುಗಳ ಹೆಸರು ಹೇಳ್ಕೊಳ್ಳಲಿಲ್ಲ. ಮೇಷ್ಟ್ರು ಅವ್ವನಿಗೆ ಸ್ಲೇಟಿನಲ್ಲಿ ಬರೆದು ತೋರಿಸೋರು, ಅವ್ವನಿಗೆ ಓದೋಕೆ ಬರ್ತಿರಲಿಲ್ಲ, ಆದ್ರೂ ಹೂಂ ಅನ್ನೋಳು. ಇಬ್ಬರಿಗೂ ಅದರಿಂದ ಏನೂ ತೊಂದರೆ ಆಗಲಿಲ್ಲ.

ಗಡ್ಡೆ ಹೋಯ್ತು. ಕರೆಂಟಿನಿಂದ ಹೋಯ್ತೋ, ಗೀರಿ ಹಚ್ಚಿದ್ದರಿಂದ ಹೋಯ್ತೋ, ಎರಡೂ ಸೇರಿ ಓಡಿಸಿದವೋ, ಡಾಕ್ಟ್ರಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವ್ವನಿಗೆ ಗೊತ್ತಿತ್ತು, ಆದ್ರೆ ಅವಳು ಹೇಳೋ ಹೆಸರೇ ಬೇರೆ. ಧ್ವನಿ ಬಂತು. ಬಂತು ಅಂದ್ರೆ, ಈಗಿರೋ ಹಾಗೆ. ಒರಟು, ತುಕ್ಕು ಹಿಡಿದ ರಾಟೆ ಎಳೆದಂಗೆ. ಮೂರು ಮಾರು ದಾಟಲ್ಲ. ಆ ಎಂಟು ದಿನ ತಪ್ಪಿಸದೆ ಇದ್ದಿದ್ರೆ ಹಳೇದೇ ವಾಪಸ್ ಬರ್ತಿತ್ತೇನೋ ಅಂತ ಎಷ್ಟೋ ಸಲ ಯೋಚನೆ ಮಾಡಿದೀನಿ. ಆ ಎಂಟು ದಿನ ವಾಪಸ್ ಕೊಡು, ನಿನ್ನ ಗಂಟಲು ಕೊಡ್ತೀನಿ ಅಂತ ಈಗ ಯಾರಾದ್ರೂ ಬಂದ್ರೆ, ಕೊಡೋಕೆ ನನಗೆ ಮನಸ್ಸು ಬರಲ್ಲ. ಹಂಗಂತ ನೀವು ಒಂದು ದಿನವೂ ತಪ್ಪಿಸಬೇಡಿ ಅಣ್ಣಾ. ಮನೆ ಬೇಕು ಅನ್ನಿಸಿದ್ರೆ ಮನೆಯೋರನ್ನೇ ಅಲ್ಲಿಗೆ ಕರ್ಕೊಂಡು ಹೋಗಿ.

ಏಳು ತಿಂಗಳ ಮೇಲೆ ಕೆಲಸಕ್ಕೆ ಬಂದೆ. ಸ್ಟ್ಯಾಂಡಲ್ಲಿ ಕೂಗೋಕೆ ಆಗಲ್ಲ, ಬೋರ್ಡು ತೋರಿಸಿ ವಿಸಲ್ ಊದಿದೆ. ತಿರುವು ಬಂತು. ಪಳನಿಯಣ್ಣ ತಾನಾಗೇ ಬಸ್ಸು ನಿಧಾನ ಮಾಡಿದ. ಫುಟ್‌ಬೋರ್ಡಿಗೆ ಇಳಿದು ಇದ್ದಷ್ಟೂ ಉಸಿರು ಕಟ್ಟಿ "ಅವ್ವೋ" ಅಂದೆ. ನನ್ನ ಪಕ್ಕದೋರಿಗೇ ಸರಿಯಾಗಿ ಕೇಳಿಸಲಿಲ್ಲ. ಹೊಲದ ನಡುವೆ ಬಗ್ಗಿದ್ದ ಅವ್ವ ಎದ್ದು ನಿಂತ್ಲು. ಕೈ ಎತ್ತಲಿಲ್ಲ. ಎರಡೂ ಕೈ ಬಾಯಿ ಸುತ್ತ ಇಟ್ಟು, ಹುಟ್ಟಿದಾಗಿನಿಂದ ರಸ್ತೇಲಿ ಸದ್ದು ಮಾಡದ ಹೆಂಗಸು, ಇಡೀ ಬಸ್ಸು ತಿರುಗಿ ನೋಡೋ ಹಾಗೆ ಕೂಗಿದ್ಲು.

"ಬಂದ್ಯೇನ್ಲಾ ಮುನೀ!"

ಅವತ್ತಿಂದ ಕೂಗೋ ಕೆಲಸ ಅವ್ವಂದೇ ಆಯ್ತು. ದಿನಕ್ಕೆ ನಾಕು ಸಲ. ಕೂಗಿ ಕೂಗಿ ಅವಳ ಗಂಟಲೂ ನನ್ನ ಥರ ಒರಟಾಯ್ತು. ಪ್ಯಾಸೆಂಜರುಗಳು ನಗೋರು, ನಾನು ಕೈ ಎತ್ತುತಿದ್ದೆ.

ಅವ್ವ ಹೋಗಿ ಎರಡು ವರ್ಷ ಆಯ್ತು, ಗಂಟಲಿನ ಕಾಯಿಲೆಯಿಂದಲ್ಲ, ವಯಸ್ಸಾಗಿತ್ತು. ಹೊಲ ಪಾಲಿಗೆ ಕೊಟ್ಟಿದೀನಿ. ಬಸ್ಸು ಅದೇ, ತಿರುವು ಅದೇ. ಅಲ್ಲಿಗೆ ಬಂದಾಗ ಫುಟ್‌ಬೋರ್ಡಿಗೆ ಇಳಿದು, ನನ್ನ ಈ ಗಂಟಲಲ್ಲಿ ಆಗೋಷ್ಟು ಒಂದು ಸಲ "ಅವ್ವೋ" ಅಂತೀನಿ. ಬಾಗಿಲಲ್ಲಿ ನಿಂತೋರು ಯಾರಾದ್ರೂ "ಏನಣ್ಣ, ಏನೋ ಅಂದ್ರಿ?" ಅಂತ ಕೇಳ್ತಾರೆ.

ಏನಿಲ್ಲ, ಗಂಟಲು ಸರಿ ಮಾಡ್ಕೊಂಡೆ ಅಂತ ಹೇಳಿ ವಿಸಲ್ ಊದ್ತೀನಿ.